ಬಿತ್ತುವವನ ಸಾಮ್ಯವೂ ಬೆಳಕಿನ ಚಿತ್ರವೂ

ಗಲಿಲಾಯ ಸರೋವರದ ದಂಡೆಯಲ್ಲಿ ಒಂದು ದಿನ ಜನರು ಕಿಕ್ಕಿರಿದು ನೆರೆದಿದ್ದರು. ಏಸುಕ್ರಿಸ್ತನು ದೋಣಿಯೊಂದನ್ನೇರಿ ಕುಳಿತು ದಡದಲ್ಲಿದ್ದವರಿಗೆ ಒಬ್ಬ ಬೇಸಾಯಗಾರನ ಕಥೆಯನ್ನು ಹೇಳಿದನು. ರೈತನು ಹೊಲಕ್ಕೆ ಹೋಗಿ ಬೀಜ ಚೆಲ್ಲುತ್ತಾನೆ. ದಾರಿಯ ಮೇಲೆ ಉದುರಿದುದನ್ನು ಹಕ್ಕಿಗಳು ಹೆಕ್ಕುತ್ತವೆ. ಕಲ್ಲುನೆಲದ ಮೊಳಕೆ ಬಿಸಿಲಿಗೆ ಬಾಡುತ್ತದೆ. ಮುಳ್ಳಿನ ನಡುವೆ ಸಿಕ್ಕಿದುದು ಮೇಲೇಳಲಾರದೆ ಅಡಗುತ್ತದೆ. ಹದವಾದ ಮಣ್ಣನ್ನು ಸೇರಿದುದು ಮಾತ್ರ ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಫಲ ಕೊಡುತ್ತದೆ. ಕಥೆ ಇಷ್ಟೆ. ಕೇಳಿದವರಲ್ಲಿ ನೇಗಿಲು ಹಿಡಿದವರಿದ್ದರು, ಬಲೆ ಬೀಸುವವರಿದ್ದರು, ಹಿಟ್ಟು ಬೀಸುವ ಗೃಹಿಣಿಯರಿದ್ದರು. ಬಿತ್ತನೆಯೆಂದರೇನೆಂದು ಅವರಿಗೆ ಯಾರೂ ತಿಳಿಸಿ ಹೇಳಬೇಕಾಗಿರಲಿಲ್ಲ.

ಇಂಥ ದೃಷ್ಟಾಂತ ಕಥೆಗಳಿಗೆ ಕನ್ನಡ ಬೈಬಲ್ಲು ‘ಸಾಮ್ಯ’ ಎಂಬ ಹೆಸರನ್ನು ಕೊಟ್ಟಿದೆ. ಅವುಗಳಲ್ಲಿ ಬಹುಮಟ್ಟಿನವು ಹೊಲದಿಂದಲೂ ಹಟ್ಟಿಯಿಂದಲೂ ಹುಟ್ಟಿದವು. ಗೋಧಿಯ ನಡುವೆ ಶತ್ರುವು ಕಳೆಯನ್ನು ಬಿತ್ತಿ ಹೋದ ಕಥೆ, ತಪ್ಪಿಹೋದ ಕುರಿಯ ಕಥೆ, ದ್ರಾಕ್ಷಿಯ ತೋಟಕ್ಕೆ ಹೊತ್ತುಹೊತ್ತಿಗೆ ಬಂದ ಕೂಲಿಯಾಳುಗಳ ಕಥೆ, ಆಸ್ತಿಯನ್ನೆಲ್ಲ ಹಾಳುಮಾಡಿ ಹಂದಿ ಕಾಯುವ ಗತಿಗೆ ಬಂದ ಮಗನ ಕಥೆ, ಎಲ್ಲವೂ ಮಣ್ಣಿನ ವಾಸನೆಯನ್ನು ಹೊತ್ತಿವೆ. ಯೂರೋಪಿನ ಚಿತ್ರಕಾರರು ಶತಮಾನಗಳ ಕಾಲ ಇವನ್ನು ಬರೆದು ದಣಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಅದೇ ಕೆಲಸಕ್ಕೆ ಹೊಸದೊಂದು ಯಂತ್ರವು ಕೈಹಾಕಿತು. ಕುಂಚಕ್ಕೆ ಸುಲಭವಾದುದು ಆ ಯಂತ್ರಕ್ಕೆ ಎಷ್ಟು ಕಷ್ಟವಾಯಿತು, ಆ ಕಷ್ಟದಲ್ಲಿ ಹೊಲದ ಮನುಷ್ಯನ ಗತಿ ಏನಾಯಿತು ಎಂಬುದು ಕಲೆಯ ಇತಿಹಾಸದಲ್ಲಿ ವಿಚಾರಕ್ಕೆ ಯೋಗ್ಯವಾದ ಒಂದು ಅಧ್ಯಾಯ.

ಛಾಯಾಚಿತ್ರಣದ ವಿದ್ಯೆ ಲೋಕಕ್ಕೆ ಪ್ರಕಟವಾದುದು 1839ರಲ್ಲಿ. ಪ್ಯಾರಿಸಿನಲ್ಲಿ ಡಾಗೇರ್, ಇಂಗ್ಲೆಂಡಿನಲ್ಲಿ ಫಾಕ್ಸ್ ಟಾಲ್ಬಟ್ ಅದರ ಜನಕರು. ಟಾಲ್ಬಟ್ 1844ರಿಂದ 1846ರವರೆಗೆ ಕಂತುಕಂತಾಗಿ ಹೊರತಂದ ‘ದಿ ಪೆನ್ಸಿಲ್ ಆಫ್ ನೇಚರ್’ ಎಂಬ ಗ್ರಂಥದಲ್ಲಿ ಒಂದು ಹುಲ್ಲುಬಣವೆಯ ಚಿತ್ರವಿದೆ. ತೆರೆದ ಬಾಗಿಲಿಗೆ ಒರಗಿಸಿಟ್ಟ ಕಸಬರಿಕೆಯ ಚಿತ್ರವಿದೆ. ದಿನನಿತ್ಯದ ಸಾಮಾನ್ಯ ನೋಟಗಳೂ ಕಲೆಗೆ ಯೋಗ್ಯವೆಂಬುದಕ್ಕೆ ಅವನು ಹಾಲೆಂಡಿನ ಹಳೆಯ ಚಿತ್ರಕಾರರನ್ನು ಸಾಕ್ಷಿಯಾಗಿ ಕರೆದನು. ಹೀಗೆ ಹಳ್ಳಿಯ ಬದುಕು ಕ್ಯಾಮರಾಕ್ಕೆ ಹುಟ್ಟಿನಿಂದಲೇ ಒಲಿದು ಬಂದ ವಸ್ತು. ಆದರೆ ಬಣವೆಯ ಚಿತ್ರ ಬಣವೆಯನ್ನಷ್ಟೆ ತೋರಿಸುತ್ತದೆ. ಸಾಮ್ಯದಲ್ಲಿ ಬೀಜವು ಬೀಜವೂ ಹೌದು, ಉಪದೇಶವೂ ಹೌದು. ಹೊಲವು ಹೊಲವೂ ಹೌದು, ಮನಸ್ಸೂ ಹೌದು. ಎದುರಿಗೆ ಇದ್ದುದನ್ನು ಮಾತ್ರ ಕಾಣಬಲ್ಲ ಯಂತ್ರವು ಎದುರಿಗಿಲ್ಲದ ಅರ್ಥವನ್ನು ಹೇಗೆ ತೋರಿಸಬೇಕು? ಆ ತಲೆಮಾರಿನ ಕಲಾಸಕ್ತ ಛಾಯಾಗ್ರಾಹಕರನ್ನು ಕಾಡಿದ ಪ್ರಶ್ನೆ ಇದೇ.

ಮೊದಲು ಎದೆಗಾರಿಕೆಯಿಂದ ಉತ್ತರ ಹೇಳಿದವನು ಆಸ್ಕರ್ ರೈಲಾಂಡರ್. ಸ್ವೀಡನ್ನಿನಲ್ಲಿ ಹುಟ್ಟಿ, ರೋಮಿನಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡಿ, ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್ ಎಂಬ ಊರಿನಲ್ಲಿ ನೆಲೆಸಿದ್ದ ಈತನು 1857ರಲ್ಲಿ ಮ್ಯಾಂಚೆಸ್ಟರ್ ನಗರದ ಮಹಾ ಕಲಾಪ್ರದರ್ಶನಕ್ಕೆ ‘ಬದುಕಿನ ಎರಡು ದಾರಿಗಳು’ ಎಂಬ ಚಿತ್ರವನ್ನು ಕಳುಹಿಸಿದನು. ಅಗಲ 31 ಅಂಗುಲ, ಎತ್ತರ 16 ಅಂಗುಲ. ನಡುವೆ ಒಬ್ಬ ವೃದ್ಧ ಜ್ಞಾನಿ. ಅವನ ಎರಡು ಪಕ್ಕಗಳಲ್ಲಿ ಆಗತಾನೆ ಲೋಕಕ್ಕೆ ಕಾಲಿಡುತ್ತಿರುವ ಇಬ್ಬರು ತರುಣರು. ಒಬ್ಬನು ಜೂಜು, ಮದ್ಯ, ವೇಶ್ಯೆಯರ ಕಡೆಗೆ ತವಕದಿಂದ ನುಗ್ಗುತ್ತಾನೆ. ಇನ್ನೊಬ್ಬನು ಭಕ್ತಿ, ಸಂಸಾರ, ದುಡಿಮೆ, ಪರೋಪಕಾರಗಳ ಕಡೆಗೆ ತಿರುಗುತ್ತಾನೆ. ದಾರಿತಪ್ಪಿದ ಮಗನ ಸಾಮ್ಯಕ್ಕೂ, ಕಿರಿದಾದ ಬಾಗಿಲು ಹಿರಿದಾದ ಬಾಗಿಲುಗಳ ಉಪದೇಶಕ್ಕೂ ಇದು ಹತ್ತಿರದ ನಂಟನ್ನು ಹೊಂದಿದ್ದಿತು. ಎರಡು ಗುಂಪುಗಳ ನಡುವೆ ಪಶ್ಚಾತ್ತಾಪದ ಮೂರ್ತಿಯನ್ನು ಇರಿಸಲು ರೈಲಾಂಡರ್ ಮರೆಯಲಿಲ್ಲ.

ಈ ಚಿತ್ರವನ್ನು ಒಂದೇ ಸಲಕ್ಕೆ ತೆಗೆದುದಲ್ಲ. ಅಂದಿನ ಗಾಜಿನ ಫಲಕಗಳ ಮೇಲೆ ಬಿಂಬ ಮೂಡಲು ಬಹಳ ಹೊತ್ತು ಬೇಕು. ಇಷ್ಟು ಮಂದಿ ಒಟ್ಟಿಗೆ ಕದಲದೆ ನಿಲ್ಲುವುದು ಸಾಧ್ಯವಿಲ್ಲ. ದೂರದವರೂ ಹತ್ತಿರದವರೂ ಒಂದೇ ಸಮನಾಗಿ ಸ್ಫುಟವಾಗುವುದೂ ಕಷ್ಟ. ಆದ್ದರಿಂದ ಅವನು ಒಂದೊಂದು ಗುಂಪನ್ನೂ ಬೇರೆಬೇರೆಯಾಗಿ ಚಿತ್ರಿಸಿಕೊಂಡು, ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಕೂಡಿಹಾಕಿದನು. ಕಾಗದದ ಒಂದು ಭಾಗಕ್ಕೆ ಬಿಸಿಲು ತಾಗಿಸುವಾಗ ಉಳಿದ ಭಾಗವನ್ನು ಮುಚ್ಚಿಡುವುದು, ಮುಂದಿನ ಆಕೃತಿಗೆ ಮತ್ತೆ ಅಳತೆ ಹಿಡಿದು ಕೂರಿಸುವುದು, ಹೀಗೆ ಆರು ವಾರಗಳ ದುಡಿಮೆ. ವಿಕ್ಟೋರಿಯಾ ರಾಣಿ ಹತ್ತು ಗಿನಿಗಳನ್ನು ಕೊಟ್ಟು ಇದರ ಪ್ರತಿಯೊಂದನ್ನು ಕೊಂಡುಕೊಂಡಳು. ಸ್ಕಾಟ್ಲೆಂಡಿನ ಛಾಯಾಚಿತ್ರ ಸಂಘದವರಾದರೋ ವಿವಸ್ತ್ರ ಸ್ತ್ರೀಯರಿರುವ ಚಿತ್ರವನ್ನು ತೂಗುಹಾಕಲೊಪ್ಪಲಿಲ್ಲ. ಚಿತ್ರಕಾರನು ಬರೆದ ನಗ್ನತೆ ಪುರಾಣವೆನಿಸುತ್ತಿತ್ತು. ಕ್ಯಾಮರಾ ತೋರಿಸಿದ ನಗ್ನತೆ ಒಬ್ಬಳು ಹೆಂಗಸಿನದೆನಿಸಿತು. ನೋಡುವವನು ‘ಪಾಪ’ವನ್ನು ಕಾಣದೆ, ಪಾಪದ ವೇಷ ಹಾಕಿ ಕೂಲಿ ಪಡೆದವಳನ್ನು ಕಂಡನು. ರೈಲಾಂಡರನಿಗೆ ಹೆಸರು ಬಂತು, ಹಣ ಬರಲಿಲ್ಲ; 1875ರಲ್ಲಿ ಬಡತನದಲ್ಲಿಯೇ ತೀರಿಕೊಂಡನು.

ಆ ದೊಡ್ಡ ಚಿತ್ರದಲ್ಲಿ ಇಲ್ಲದಿರುವುದನ್ನು ಗಮನಿಸಬೇಕು. ದಾರಿತಪ್ಪಿದ ಮಗನು ಬುದ್ಧಿ ಕಲಿತುದು ಹಂದಿಗಳ ನಡುವೆ; ಅವನ ನೆನಪಿಗೆ ಮೊದಲು ಬಂದುದು ತಂದೆಯ ಮನೆಯಲ್ಲಿ ಹೊಟ್ಟೆತುಂಬ ಉಣ್ಣುವ ಕೂಲಿಯಾಳುಗಳು; ಹಿರಿಯ ಮಗನು ತಮ್ಮ ಬಂದನೆಂದು ತಿಳಿದುದು ಹೊಲದಿಂದ ಮನೆಗೆ ಬರುವ ದಾರಿಯಲ್ಲಿ. ರೈಲಾಂಡರನ ಕಂಬಗಳ ಮಂಟಪದಲ್ಲಿ ಹೊಲವಿಲ್ಲ, ಹಟ್ಟಿಯಿಲ್ಲ, ಹಸಿವಿಲ್ಲ. ನೀತಿಯು ಉಳಿಯಿತು, ನೀತಿಗೆ ಜನ್ಮಕೊಟ್ಟ ನೆಲ ಜಾರಿಹೋಯಿತು.

1864ರಲ್ಲಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಇನ್ನೊಂದು ದಾರಿಯನ್ನು ಹಿಡಿದಳು. ಕಲ್ಕತ್ತೆಯಲ್ಲಿ ಹುಟ್ಟಿದ ಈ ಮಹಿಳೆಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ಮಗಳಿಂದ ಕ್ಯಾಮರಾ ಒಂದು ಉಡುಗೊರೆಯಾಗಿ ಬಂದಿತು. ವೈಟ್ ದ್ವೀಪದ ತನ್ನ ಮನೆಯಲ್ಲಿ ಅವಳು ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು, ದೀಪಕ್ಕೆ ಎಣ್ಣೆ ಇಟ್ಟುಕೊಂಡ ಐವರು ಜಾಣೆಯರು ಮತ್ತು ಇಟ್ಟುಕೊಳ್ಳದ ಐವರು ಮೂಢೆಯರು ಎಂದು, ಎರಡು ಚಿತ್ರಗಳಾಗಿ ತೆಗೆದಳು. ಮನೆಗೆಲಸದ ಹುಡುಗಿಯರೇ ಅವಳ ಚಿತ್ರಗಳ ಸಂತರು, ದೇವಿಯರು. ಮೇರಿ ಹಿಲಿಯರ್ ಎಂಬ ದಾಸಿಯು ಕನ್ಯೆ ಮರಿಯಳಾಗಿ ಎಷ್ಟು ಸಲ ಕುಳಿತಳೆಂದರೆ ನೆರೆಹೊರೆಯವರು ಅವಳನ್ನು ಆ ಹೆಸರಿನಿಂದಲೇ ಕರೆಯತೊಡಗಿದರು. ಮೊಗವು ಮಸುಕಾದರೂ ಭಾವವು ಮೂಡಿದರೆ ಸಾಕೆಂಬುದು ಕ್ಯಾಮರಾನಳ ನಿಲುವು. ಹೊಲದ ಬದುಕಿಗೆ ಅವಳ ಕಲೆ ಸಂಬಂಧಪಟ್ಟುದಲ್ಲ. ಆದರೆ ದುಡಿಯುವವಳ ಮುಖದಲ್ಲಿ ಧರ್ಮಗ್ರಂಥದ ಗಾಂಭೀರ್ಯವಿರಬಲ್ಲುದೆಂದು ತೋರಿಸಿಕೊಟ್ಟ ಶ್ರೇಯಸ್ಸು ಅವಳದು.

ಹೊಲಕ್ಕೆ ಮರಳಿದವನು ಹೆನ್ರಿ ಪೀಚ್ ರಾಬಿನ್ಸನ್. ಆದರೆ ಅವನು ಮರಳಿದ ಬಗೆಯೇ ವಿಚಿತ್ರ. 1830ರಲ್ಲಿ ಲಡ್ಲೋ ಎಂಬ ಊರಿನಲ್ಲಿ ಹುಟ್ಟಿದ ರಾಬಿನ್ಸನ್ ತನ್ನ ಕಾಲದ ಛಾಯಾಗ್ರಾಹಕರಿಗೆ ಗುರುವಿನಂತಿದ್ದನು. ಸಾಯುತ್ತಿರುವ ಕನ್ಯೆಯ ಚಿತ್ರವನ್ನು 1858ರಲ್ಲಿ ಐದು ನೆಗೆಟಿವ್‌ಗಳಿಂದ ಹೊಂದಿಸಿ ಖ್ಯಾತನಾದನು. ವಸಂತದ ಹೂಗೊಂಬೆಗಳನ್ನು ಹೊತ್ತು ತರುವ ಹಳ್ಳಿಯ ಹುಡುಗಿಯರ ಚಿತ್ರವನ್ನು 1862ರಲ್ಲಿ ಒಂಬತ್ತರಿಂದ ಕಟ್ಟಿದನು. ಮೊದಲು ಕಾಗದದ ಮೇಲೆ ಒಟ್ಟು ಚಿತ್ರದ ರೇಖೆ. ಆಮೇಲೆ ಒಂದೊಂದು ಆಕೃತಿಯ ಛಾಯಾಚಿತ್ರ. ಕೊನೆಗೆ ಹೊಲಿಗೆ ಕಾಣದಂತೆ ಜೋಡಣೆ. ಈ ಜೋಡಣೆಗೆ ಒಂದು ನ್ಯಾಯವಾದ ಕಾರಣವೂ ಇದ್ದಿತು. ಆ ಕಾಲದ ಫಲಕಗಳು ನೀಲಿ ಬಣ್ಣಕ್ಕೆ ಅತಿಯಾಗಿ ಸ್ಪಂದಿಸುತ್ತಿದ್ದವು. ಹೊಲ ಸರಿಯಾಗಿ ಮೂಡಿದರೆ ಆಕಾಶ ಬರಿಯ ಬಿಳಿ ಹಾಳೆಯಾಗುತ್ತಿದ್ದಿತು. ಮೋಡ ಬೇಕೆಂದರೆ ಮೋಡಕ್ಕೇ ಬೇರೊಂದು ನೆಗೆಟಿವ್ ಬೇಕು.

ಆದರೆ ಮೋಡದಲ್ಲಿ ಆರಂಭವಾದ ಬದಲಾವಣೆ ಮನುಷ್ಯರಲ್ಲಿ ಮುಗಿಯಿತು. ನಿಜವಾದ ಹಳ್ಳಿಗರು ಕ್ಯಾಮರಾದ ಎದುರಿಗೆ ಬಿಗಿದುಕೊಳ್ಳುತ್ತಾರೆ, ನಾಚುತ್ತಾರೆ, ಚಿತ್ರಕ್ಕೆ ಒಗ್ಗುವುದಿಲ್ಲ ಎಂದು ರಾಬಿನ್ಸನ್ ಕಂಡುಕೊಂಡನು. ಸುಶಿಕ್ಷಿತ ತರುಣಿಯರಿಗೆ ಹಳ್ಳಿಯ ಉಡುಪನ್ನು ತೊಡಿಸಿ ಹುಲ್ಲುಗಾವಲಿನಲ್ಲಿ ನಿಲ್ಲಿಸಿದರೆ ಚಿತ್ರವು ಎಷ್ಟೋ ಸೊಗಸು! ಉಡುಪು ಮಾತ್ರ ಹೊಸದಾಗಿರಬಾರದು. ಬಿಸಿಲಿನಲ್ಲಿ ಬೆಂದು, ಮಳೆಯಲ್ಲಿ ನೆನೆದು, ಮೈಗೆ ಒಗ್ಗಿರಬೇಕು. ಅದಕ್ಕಾಗಿ ಅವನು ದಾರಿಯಲ್ಲಿ ಎದುರಾದ ಹಳ್ಳಿಯ ಹುಡುಗಿಯರಿಂದ ಅವರು ತೊಟ್ಟ ಬಟ್ಟೆಯನ್ನೇ ಹಣ ಕೊಟ್ಟು ಕೊಳ್ಳುತ್ತಿದ್ದನು. ಅಪರಿಚಿತನಾದ ಪಟ್ಟಣಿಗನೊಬ್ಬನು ತಮ್ಮ ಹಳೆಯ ಲಂಗವನ್ನು ಏಕೆ ಬೇಡುತ್ತಾನೆಂದು ಅವರಿಗೆ ತಿಳಿಸುವುದು ಸುಲಭವಾಗಿರಲಿಲ್ಲವೆಂಬುದನ್ನು 1884ರ ತನ್ನ ಪುಸ್ತಕದಲ್ಲಿ ರಾಬಿನ್ಸನ್ ತಾನೇ ಯಾವ ಸಂಕೋಚವೂ ಇಲ್ಲದೆ ಬರೆದಿದ್ದಾನೆ.

ಅವನ ಉತ್ತಮ ಕೃತಿಗಳಲ್ಲೊಂದು 1877ರ ‘ದಿನದ ದುಡಿಮೆ ಮುಗಿದ ಮೇಲೆ’. ಗುಡಿಸಲಿನ ಒಳಗೆ ಮುದುಕನೊಬ್ಬನು ಬೈಬಲ್ಲನ್ನು ಓದುತ್ತಿದ್ದಾನೆ. ಅವನ ಹೆಂಡತಿ ಹೊಲಿಗೆಯಲ್ಲಿ ತೊಡಗಿದ್ದಾಳೆ. ಇದೂ ಹಲವು ನೆಗೆಟಿವ್‌ಗಳ ಕೂಡುಚಿತ್ರವೆ. ನೋಡುವವನಿಗೆ ನೆಮ್ಮದಿಯೆನಿಸುತ್ತದೆ: ದುಡಿದವನಿಗೆ ದೇವರ ನಾಮ, ದೇವರ ನಾಮಕ್ಕೆ ದುಡಿದವನು. ಪಟ್ಟಣದ ಬೈಠಕ್‌ಖಾನೆಯ ಗೋಡೆಗೆ ಇಂಥ ಚಿತ್ರ ಬಹಳ ಒಪ್ಪುತ್ತಿದ್ದಿತು. ಆದರೆ ಆ ಮುದುಕನ ಕೈಯಲ್ಲಿರುವ ಗ್ರಂಥದಲ್ಲಿಯೇ ದಿನದ ದುಡಿಮೆ ಮುಗಿದ ಮೇಲಿನ ಇನ್ನೊಂದು ಕಥೆ ಇದೆ. ದ್ರಾಕ್ಷಿತೋಟದ ಯಜಮಾನನು ಬೆಳಗ್ಗೆ ಬಂದವನಿಗೂ ಸಂಜೆಗೆ ಒಂದು ಗಂಟೆ ದುಡಿದವನಿಗೂ ಒಂದೇ ಕೂಲಿಯನ್ನು ಕೊಡುತ್ತಾನೆ. ಹೆಚ್ಚು ದುಡಿದವರು ಗೊಣಗುತ್ತಾರೆ. ಹಣದ ಮಾತು ಬರುತ್ತದೆ, ಹೊಟ್ಟೆಕಿಚ್ಚಿನ ಮಾತು ಬರುತ್ತದೆ. ಸಾಮ್ಯದ ಸಂಜೆಯಲ್ಲಿ ಕಾವು ಇದೆ. ರಾಬಿನ್ಸನ್ನನ ಸಂಜೆಯಲ್ಲಿ ಶಾಂತಿ ಮಾತ್ರ ಇದೆ. ಅವನ ಚಿತ್ರ ಸುಳ್ಳೆಂದಲ್ಲ. ಆದರೆ ಕಥೆಯಿಂದ ಕೂಲಿಯನ್ನು ತೆಗೆದುಹಾಕಿ ಆಶೀರ್ವಾದವನ್ನು ಮಾತ್ರ ಉಳಿಸಿಕೊಂಡ ಚಿತ್ರ ಅದು.

ಅದೇ ಕಾಲದಲ್ಲಿ ಫ್ರಾನ್ಸಿನ ಒಬ್ಬ ಚಿತ್ರಕಾರನು ಇದಕ್ಕೆ ತದ್ವಿರುದ್ಧವಾದ ದಾರಿಯಲ್ಲಿ ನಡೆದಿದ್ದನು. ನಾರ್ಮಂಡಿಯ ರೈತನ ಮಗನಾದ ಮಿಲೇ ಕೊಯ್ಲಿನ ಆಳುಗಳ ಊಟದ ಚಿತ್ರವೊಂದನ್ನು ಬರೆದಾಗ ಮೊದಲು ಅದನ್ನು ಬೈಬಲ್ಲಿನ ರೂತ್ ಮತ್ತು ಬೋವಜರ ಕಥೆಯೆಂದು ಭಾವಿಸಿಕೊಂಡಿದ್ದನು. 1853ರ ಪ್ಯಾರಿಸ್ ಪ್ರದರ್ಶನದಲ್ಲಿ ಆ ಪವಿತ್ರ ಹೆಸರುಗಳನ್ನು ತೆಗೆದುಬಿಟ್ಟು ಕೇವಲ ಕೊಯ್ಲಿನವರ ಊಟವೆಂದು ಕರೆದನು. ಬಿತ್ತುವವನನ್ನು ಅವನು 1850ರಲ್ಲಿಯೇ ಬರೆದಿದ್ದನು. ಕೊಯ್ದ ಹೊಲದಲ್ಲಿ ಬಿದ್ದ ತೆನೆಗಳನ್ನು ಆಯುವ ಮೂವರು ಹೆಂಗಸರ ಚಿತ್ರ ಜನರ ಕಣ್ಣಿಗೆ ಬಿದ್ದುದು 1857ರಲ್ಲಿ, ಅಂದರೆ ರೈಲಾಂಡರನ ‘ಎರಡು ದಾರಿಗಳು’ ಹೊರಬಂದ ವರ್ಷವೆ. ಹೆಸರನ್ನು ತೆಗೆದರೂ ಗಾಂಭೀರ್ಯ ಹೋಗಲಿಲ್ಲ; ಅದು ಹೆಸರಿನಿಂದ ಇಳಿದು ಬಾಗಿದ ಬೆನ್ನುಗಳಿಗೆ ಬಂದಿತು.

ಮಿಲೇಯನ್ನು ಮೆಚ್ಚಿಕೊಂಡ ಛಾಯಾಗ್ರಾಹಕನೊಬ್ಬನು ಇಂಗ್ಲೆಂಡಿನಲ್ಲಿ ಹುಟ್ಟಿಕೊಂಡನು. ಪೀಟರ್ ಹೆನ್ರಿ ಎಮರ್‌ಸನ್ ಕ್ಯೂಬಾದಲ್ಲಿ 1856ರಲ್ಲಿ ಜನಿಸಿದವನು, ಓದಿದುದು ವೈದ್ಯವಿದ್ಯೆ, ಸ್ವಭಾವದಲ್ಲಿ ಜಗಳಗಂಟ. ಒದ್ದೆಯ ಲೇಪ ಬಳಿದು ಕೂಡಲೇ ಬಳಸಬೇಕಾಗಿದ್ದ ಹಳೆಯ ಫಲಕಗಳು ಹೋಗಿ, ಒಣ ಫಲಕಗಳು ಅಂಗಡಿಯಲ್ಲಿ ದೊರೆಯತೊಡಗಿದ್ದ ಕಾಲ ಅದು. ಬಯಲಿಗೆ ಹೋಗುವವನು ಇನ್ನು ಕತ್ತಲಕೋಣೆಯನ್ನು ಬೆನ್ನಿಗೆ ಕಟ್ಟಿಕೊಂಡು ಹೋಗಬೇಕಾಗಿರಲಿಲ್ಲ. ಎಮರ್‌ಸನ್ ಪೂರ್ವ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಜೌಗುನೆಲದಲ್ಲಿ, ನೀರಿನಲ್ಲಿ, ಹೊಲಗಳಲ್ಲಿ ಕ್ಯಾಮರಾದೊಡನೆ ಸಂಚರಿಸಿದನು. ಚಿತ್ರಕಾರನಾದ ಗುಡಾಲನೊಡನೆ 1886ರಲ್ಲಿ ಹೊರತಂದ ಸಂಪುಟದಲ್ಲಿ ನಲವತ್ತು ಚಿತ್ರಗಳಿದ್ದವು. ಪ್ಲಾಟಿನಂ ಲವಣದಿಂದ ಮೂಡಿಸಿದ ಅವುಗಳ ಬೂದುಬಣ್ಣ ಮುಂಜಾನೆಯ ಮಂಜಿನಂತೆ ಮೃದುವಾಗಿದ್ದಿತು.

ಅವುಗಳಲ್ಲೊಂದು ಜೌಗಿನ ಹುಲ್ಲನ್ನು ಸಾಗಿಸುವ ಚಿತ್ರ. ಕೆಸರು ನೆಲದಲ್ಲಿ ಗಾಡಿ ಹೋಗಲಾರದು. ಕೊಯ್ದ ಹುಲ್ಲಿನ ಗುಪ್ಪೆಯ ಕೆಳಗೆ ಎರಡು ಉದ್ದನೆಯ ಗಳುಗಳನ್ನು ತೂರಿಸಿ, ಮುಂದೊಬ್ಬರು ಹಿಂದೊಬ್ಬರು ಎತ್ತಿಕೊಂಡು ನಡೆಯಬೇಕು. ಮುಂದಿನ ತುದಿಯನ್ನು ಹಿಡಿದವಳು ಒಬ್ಬ ಹೆಂಗಸು. ಅವಳ ತೋಳುಗಳು ಭಾರಕ್ಕೆ ನೀಳವಾಗಿ ಇಳಿಬಿದ್ದಿವೆ. ಅವಳು ಯಾರ ವೇಷವನ್ನೂ ಹಾಕಿಕೊಂಡಿಲ್ಲ. ಅವಳ ಮೈಮೇಲಿನ ಬಟ್ಟೆ ಅವಳದೆ. 1888ರ ಇನ್ನೊಂದು ಸಂಪುಟದಲ್ಲಿ ಏರುನೆಲದಲ್ಲಿ ನೇಗಿಲನ್ನು ಎಳೆಯಲು ಹೆಣಗುವ ಕುದುರೆಗಳೂ ನೇಗಿಲಿನ ಆಳೂ ಇದ್ದಾರೆ. ಬಾರ್ಲಿಯ ಕೊಯ್ಲು ಇದೆ. ಅಮೆರಿಕದ ಅಗ್ಗದ ಗೋಧಿಯಿಂದಾಗಿ ಇಂಗ್ಲೆಂಡಿನ ಬೇಸಾಯ ಕುಸಿದು, ಹಳ್ಳಿಯ ಜನ ಪಟ್ಟಣಗಳಿಗೆ ಗುಳೆ ಹೋಗುತ್ತಿದ್ದ ದಶಕಗಳು ಅವು. ಆ ಬವಣೆಯನ್ನು ಎಮರ್‌ಸನ್ ಚಿತ್ರಗಳ ಜೊತೆಗಿನ ಬರಹದಲ್ಲಿ ಮರೆಮಾಚಲಿಲ್ಲ.

1889ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು ರಾಬಿನ್ಸನ್ನನ ಪಂಥವನ್ನು ಬಲವಾಗಿ ಖಂಡಿಸಿದನು: ಜೋಡಣೆ ಕೂಡದು, ತಿದ್ದುವುದು ಕೂಡದು, ವೇಷ ಕೂಡದು, ಪ್ರಕೃತಿಯನ್ನು ಕಣ್ಣು ಕಾಣುವಂತೆ ಕಾಣಿಸಬೇಕು. ರಾಬಿನ್ಸನ್ ಸುಮ್ಮನಿರಲಿಲ್ಲ, ಪತ್ರಿಕೆಗಳಲ್ಲಿ ವಾಗ್ಯುದ್ಧವೇ ನಡೆಯಿತು. ಹಿರಿಯನ ಪಕ್ಷದಲ್ಲಿಯೂ ಒಂದು ಸತ್ಯವಿದ್ದಿತೆಂದು ಒಪ್ಪಬೇಕು. ಎಮರ್‌ಸನ್ ಕೂಡ ತನ್ನ ಹಳ್ಳಿಗರನ್ನು ಇಂಥಲ್ಲಿ ನಿಲ್ಲಿ, ಹೀಗೆ ಹಿಡಿಯಿರಿ ಎಂದು ಹೇಳಿಯೇ ನಿಲ್ಲಿಸುತ್ತಿದ್ದನು. ಅವನ ಬೆಲೆಬಾಳುವ ಸಂಪುಟಗಳನ್ನು ಕೊಂಡವರು ಗಳು ಹೊತ್ತ ಆ ಹೆಂಗಸಿನ ಕೇರಿಯವರಲ್ಲ. ಕೊನೆಗೆ ಅವನೇ ತನ್ನ ಮತವನ್ನು ಬಿಟ್ಟುಕೊಟ್ಟನು. ಫಲಕದ ಮೇಲೆ ಬೆಳಕು ಕತ್ತಲೆಗಳ ಪ್ರಮಾಣವು ರಸಾಯನದ ನಿಯಮಕ್ಕೆ ಒಳಪಟ್ಟುದೆಂದು ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬಿಬ್ಬರು 1890ರಲ್ಲಿ ತೋರಿಸಿದಾಗ, ಕಲಾವಿದನ ಇಚ್ಛೆಗೆ ಅಲ್ಲಿ ಎಡೆ ಕಡಿಮೆಯೆಂದು ತಿಳಿದು, ಕಪ್ಪು ಅಂಚಿನ ಕರಪತ್ರವೊಂದನ್ನು ಅಚ್ಚುಹಾಕಿಸಿ ತನ್ನ ಸಿದ್ಧಾಂತದ ಮರಣವನ್ನು ತಾನೇ ಸಾರಿದನು. ಚಿತ್ರಗಳನ್ನು ತೆಗೆಯುವುದನ್ನು ಮಾತ್ರ ಆಗಲೇ ಬಿಡಲಿಲ್ಲ.

ಸಿದ್ಧಾಂತ ಸತ್ತರೂ ಚಿತ್ರಗಳು ಬದುಕಿದವು. ಎಮರ್‌ಸನ್ ತನ್ನ ಹೊಲದ ಚಿತ್ರಗಳಲ್ಲಿ ಯಾವ ಸಾಮ್ಯವನ್ನೂ ಹೇಳಹೊರಟವನಲ್ಲ. ಆದರೂ ಬೈಬಲ್ಲನ್ನು ಬಲ್ಲವನು ಆ ಚಿತ್ರಗಳ ಮುಂದೆ ನಿಂತಾಗ, ನೇಗಿಲಿಗೆ ಕೈಯಿಟ್ಟ ಮೇಲೆ ಹಿಂದಿರುಗಿ ನೋಡಬಾರದೆಂಬ ಉಪದೇಶ ಕೇವಲ ಮಾತಾಗಿ ಉಳಿಯುವುದಿಲ್ಲ. ಆ ಏರಿನಲ್ಲಿ ಹಿಂದಿರುಗಿ ನೋಡಿದರೆ ಸಾಲು ಸೊಟ್ಟಗಾಗುತ್ತದೆ, ಕುದುರೆ ಅಡ್ಡಹಾಯುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಗಲಿಲಾಯದ ಕೇಳುಗರಿಗೆ ಆ ಮಾತು ಮುಟ್ಟಿದುದೂ ಹೀಗೆಯೇ ಇರಬೇಕು. ಅವರು ಮೊದಲು ನೇಗಿಲನ್ನು ಬಲ್ಲವರು, ಆಮೇಲೆ ನೀತಿಯನ್ನು ಕೇಳಿದವರು. ರೈಲಾಂಡರನೂ ರಾಬಿನ್ಸನ್ನನೂ ನೀತಿಯಿಂದ ಹೊರಟು ಅದಕ್ಕೆ ತಕ್ಕ ಜನರನ್ನು ಹುಡುಕಿದರು. ಹೊಲದಿಂದ ಹೊರಟವನಿಗೆ ನೀತಿಯನ್ನು ಹುಡುಕಬೇಕಾಗಲಿಲ್ಲ. ಬಿತ್ತಿದಂತೆ ಬೆಳೆ ಎಂಬ ಗಾದೆಯನ್ನು ಕಟ್ಟಿದವರು ನೀತಿಶಾಸ್ತ್ರ ಓದಿದವರಲ್ಲ, ಬಿತ್ತಿದವರು.

ರಾಬಿನ್ಸನ್ನನ ಚಿತ್ರಗಳು ಇಂದು ವಸ್ತುಸಂಗ್ರಹಾಲಯಗಳಲ್ಲಿ ಜೋಪಾನವಾಗಿವೆ. ಅವುಗಳ ಕುಶಲತೆಗೆ ತಲೆದೂಗದವರಿಲ್ಲ. ಆದರೆ ಆ ಹುಲ್ಲುಗಾವಲಿನ ಸುಂದರಿಯರನ್ನು ನೋಡುವಾಗ, ದಾರಿಯಲ್ಲಿ ನಿಂತು ತನ್ನ ಉಡುಪನ್ನು ಮಾರಿದ ಒಬ್ಬ ಹುಡುಗಿ ನೆನಪಿಗೆ ಬರುತ್ತಾಳೆ. ಅವಳ ಲಂಗ ಚಿತ್ರದೊಳಗೆ ಹೋಯಿತು, ಅದರ ಮೇಲಿನ ಬಿಸಿಲಿನ ಕಲೆ ಹೋಯಿತು, ಮೊಣಕಾಲಿನ ಬಳಿಯ ಸವಕಲು ಹೋಯಿತು. ಅವಳು ಮಾತ್ರ ಕಾಸನ್ನು ಕೈಯಲ್ಲಿ ಹಿಡಿದು ಮನೆಗೆ ಹೋದಳು. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು, ಕಾಣದಾದ ಒಂದನ್ನು ಹುಡುಕಿಕೊಂಡು ಹೊರಟ ಕುರುಬನ ಕಥೆಯನ್ನು ಅವಳೂ ಕೇಳಿದ್ದಿರಬೇಕು. ಆ ಕಾಲದ ಇಂಗ್ಲೆಂಡಿನ ಹಳ್ಳಿಯಲ್ಲಿ ಅದನ್ನು ಕೇಳದವರು ವಿರಳ. ಅವಳನ್ನು ಹುಡುಕಿಕೊಂಡು ಹೋಗಲು ಛಾಯಾಚಿತ್ರಣದ ಕಲೆಗೆ ಇನ್ನೂ ಕೆಲವು ವರ್ಷಗಳು ಬೇಕಾದುವು.